ಎನಾಕ್ ಕಿವಿಗೊಟ್ಟ ತೊಲೆ

ಲಂಡನ್ನಿನ ಹತ್ತಿರದ ಹ್ಯಾಂಪ್ಟನ್ ಕೋರ್ಟ್ ಅರಮನೆಯ ದೊಡ್ಡ ಸಭಾಂಗಣದಲ್ಲಿ ನಿಂತು ಕತ್ತೆತ್ತಿದರೆ ಸೂರಿನ ಅಂಚಿನಲ್ಲಿ ಸಾಲಾಗಿ ಮರದ ಮುಖಗಳು ಕಾಣುತ್ತವೆ. ಬಣ್ಣ ಬಳಿದ ಪುಟ್ಟ ಮುಖಗಳು, ಒಂದರ ಕಣ್ಣಲ್ಲೂ ದಯೆಯಿಲ್ಲ. ಕೆಳಗೆ ಊಟಕ್ಕೆ ಕೂತವರು ದೊರೆಯ ಬಗ್ಗೆ ಆಡಿಕೊಂಡದ್ದೆಲ್ಲ ಮೇಲಿನವರಿಗೆ ಮುಟ್ಟುತ್ತದೆ ಎಂದು ನೆನಪಿಸಲಿಕ್ಕೇ ಎಂಟನೇ ಹೆನ್ರಿ ಅವನ್ನು ಕೆತ್ತಿಸಿದನಂತೆ. ಅರಮನೆಯ ಕೆಲಸಗಾರರು ಅವನ್ನು ಕದ್ದು ಕೇಳುವವರು ಎಂದೇ ಕರೆಯುತ್ತಿದ್ದರು. ಆ ಮುಖಗಳ ಮಗ್ಗುಲಲ್ಲಿ, ನೆಲದಿಂದ ನಲವತ್ತು ಅಡಿ ಮೇಲೆ, ಮೂವತ್ತು ವರ್ಷ ಕೂತು ಅವುಗಳಿಗಿಂತ ಚೆನ್ನಾಗಿ ಕೇಳಿಸಿಕೊಂಡವನು ಒಬ್ಬನಿದ್ದ. ಹೆಸರು ಎನಾಕ್ ಪೆಗ್ರಮ್. ಕಸುಬು ಬಡಗಿತನ. ಅವನು ಕಿವಿಗೊಡುತ್ತಿದ್ದದ್ದು ಮನುಷ್ಯರ ಮಾತಿಗಲ್ಲ, ಹುಳದ ಮಾತಿಗೆ.

ಹಳೆಯ ಓಕ್ ಮರದ ಹೊಟ್ಟೆಯಲ್ಲಿ ಒಂದು ಜಾತಿಯ ಕಂದು ಹುಳ ಸೇರಿಕೊಳ್ಳುತ್ತದೆ. ಮರಿಯಾಗಿದ್ದಾಗ ಐದೋ ಹತ್ತೋ ವರ್ಷ ಕತ್ತಲಲ್ಲೇ ಕೂತು ಮರ ತಿನ್ನುತ್ತದೆ. ರೆಕ್ಕೆ ಬಂದ ಮೇಲೆ, ವಸಂತದ ಬಿಸಿಲು ತಾಕಿದ ಕೂಡಲೇ, ಜೋಡಿ ಹುಡುಕಿಕೊಂಡು ಹಣೆಯಿಂದ ಮರ ಕುಟ್ಟುತ್ತದೆ. ಟಕ್ ಟಕ್ ಟಕ್ ಎಂದು ಆರೇಳು ಸಲ, ಒಂದೇ ಉಸಿರಿಗೆ. ರೋಗಿಯ ಪಕ್ಕ ನಿದ್ದೆಗೆಟ್ಟು ಕೂತವರಿಗೆ ಆ ಸದ್ದು ಕೇಳಿಸುತ್ತಿದ್ದುದರಿಂದ ಜನ ಅದನ್ನು ಸಾವಿನ ಗಡಿಯಾರ ಎಂದರು. ಬಡಗಿಗಳಿಗೆ ಮಾತ್ರ ಬೇರೊಂದು ಗುಟ್ಟು ಗೊತ್ತಿತ್ತು. ಪೆನ್ಸಿಲ್ ತುದಿಯಿಂದ ಅದೇ ಲಯದಲ್ಲಿ ತೊಲೆ ಕುಟ್ಟಿದರೆ, ತನ್ನವರೇ ಯಾರೋ ಕರೆದರೆಂದು ಮೋಸಹೋಗಿ ಒಳಗಿನ ಹುಳ ಉತ್ತರ ಕೊಡುತ್ತದೆ. ಉತ್ತರ ಬಂತೋ, ತೊಲೆ ಕೆಟ್ಟಿದೆ. ಬರಲಿಲ್ಲವೋ, ತೊಲೆ ಬದುಕಿದೆ.

ಈ ವಿದ್ಯೆ ಎನಾಕನಿಗೆ ಅಪ್ಪ ಸೈಲಸನಿಂದ ಬಂದದ್ದು. ಸೈಲಸನೂ ಇದೇ ಅರಮನೆಯ ಬಡಗಿ. ಕೊಡತಿಯ ಏಟಿಗೆ ಮರ ಗಣಗಣ ಎಂದರೂ ಅವನು ನಂಬುತ್ತಿರಲಿಲ್ಲ. ಹೊರಗೆ ನಾಲ್ಕು ಅಂಗುಲ ಗಟ್ಟಿಮರ ಉಳಿದಿದ್ದರೆ ಸಾಕು, ಹೊರಗೆ ಥಳುಕು ಒಳಗೆ ಹುಳುಕು ಎಂಬಂತೆ ತೊಲೆ ಸುಳ್ಳು ಹೇಳುತ್ತದೆ; ಹುಳ ಮಾತ್ರ ಹೇಳುವುದಿಲ್ಲ. ಬೈರಿಗೆ ಹಿಡಿದು ತೂತು ಕೊರೆದು ನೋಡುವವರನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. "ಬೈರಿಗೆ ಅನ್ನೋದು ಕಿವಿಯಿಲ್ಲದವನ ಸಾಮಾನು ಕಣೋ. ಒಂದು ತೂತು ಕೊರೆದೆ ಅಂದ್ರೆ ಹುಳಕ್ಕೆ ನೀನೇ ಬಾಗಿಲು ತೆಗೆದುಕೊಟ್ಟ ಹಾಗೆ," ಎನ್ನುತ್ತಿದ್ದ. ಅಪ್ಪ ಸತ್ತ ಮೇಲೆ, ಹೊಸಮರಕ್ಕೆ ಗೂಟ ಜಡಿಯಲು ಮಾತ್ರ ಅವನು ಬಳಸುತ್ತಿದ್ದ ಉದ್ದ ಕಾಲಿನ ಬೈರಿಗೆಯನ್ನು ಎನಾಕ್ ಎಣ್ಣೆ ಹಚ್ಚಿ ಮನೆಯ ಅಡುಗೆಕೋಣೆಯ ಗೋಡೆಗೆ ನೇತುಹಾಕಿದ್ದ, ಕೆಲಸಕ್ಕಲ್ಲ, ನೆನಪಿಗೆ.

ಅರಮನೆಯ ಚರಿತ್ರೆಯೂ ಎನಾಕನಿಗೆ ಪುಸ್ತಕದಿಂದ ಬಂದದ್ದಲ್ಲ. ಒಬ್ಬ ಪಾದ್ರಿ ದೊರೆಯನ್ನೂ ಮೀರಿಸುವಂಥ ಕೆಂಪಿಟ್ಟಿಗೆಯ ಮನೆ ಕಟ್ಟಿಕೊಂಡ. ದೊರೆ ಹೆನ್ರಿಯ ಕಣ್ಣು ಬಿತ್ತು. ಪಾದ್ರಿ ಮನೆಯನ್ನೇ ಕಾಣಿಕೆ ಕೊಟ್ಟರೂ ಉಳಿಯಲಿಲ್ಲ. ದೊರೆ ಹಳೇ ಸಭಾಂಗಣ ಕೆಡವಿಸಿ ಹೊಸದು ಎತ್ತಿಸಿದ. ಎಷ್ಟು ಅವಸರವೆಂದರೆ ಬಡಗಿಗಳು ಮೋಂಬತ್ತಿ ಹಚ್ಚಿಕೊಂಡು ಕೆಲಸ ಮಾಡಿದರು. ತನ್ನ ಹೆಸರಿನ ಅಕ್ಷರಕ್ಕೆ ರಾಣಿ ಆನ್‌ಳ ಹೆಸರಿನ ಅಕ್ಷರವನ್ನು ಹೆಣೆದು ಕೆತ್ತಲು ಹೇಳಿದ. ಕೆಲಸ ಮುಗಿಯುತ್ತಿದ್ದ ಹಾಗೆ ಆ ರಾಣಿಯ ತಲೆಯೇ ಹೋಯಿತು, ಅವಳ ಅಕ್ಷರಗಳನ್ನೆಲ್ಲ ಕೆತ್ತಿ ತೆಗೆಯಬೇಕೆಂದು ಅಪ್ಪಣೆಯಾಯಿತು. ಮತ್ತೆ ಅವಸರ. ಒಂದೆರಡು ಅಕ್ಷರ ಯಾರ ಕಣ್ಣಿಗೂ ಬೀಳದೆ ಉಳಿದುಕೊಂಡವು. ನೂರೈವತ್ತು ವರ್ಷದ ಮೇಲೆ ಇನ್ನೊಬ್ಬ ದೊರೆ ಅರ್ಧ ಅರಮನೆ ಕೆಡವಿಸಿ ಸಾಲು ಕಿಟಕಿಗಳ ಹೊಸ ಮನೆ ಕಟ್ಟಿಸಿದ. ಆಗಲೂ ಅವಸರ, ಹಸಿ ಗೋಡೆ ಕುಸಿದು ಇಬ್ಬರು ಕೆಲಸಗಾರರು ಸತ್ತರು. "ಅವಸರ ಅವರದು, ಹೆಣ ನಮ್ಮದು," ಎಂದು ಎನಾಕ್ ಇದನ್ನೆಲ್ಲ ಎರಡೇ ಮಾತಲ್ಲಿ ಮುಗಿಸುತ್ತಿದ್ದ.

ಅವನ ಕಾಲಕ್ಕೆ ಅಲ್ಲಿ ರಾಜರು ವಾಸವಿಟ್ಟು ಬಹಳ ಕಾಲವಾಗಿತ್ತು. ಸೇನಾಪತಿಗಳ ವಿಧವೆಯರು, ರಾಯಭಾರಿಗಳ ವಿಧವೆಯರು ದೊರೆಯ ದಯೆಯಿಂದ ಬಾಡಿಗೆಯಿಲ್ಲದೆ ವಾಸವಿದ್ದರು. ಎನಾಕನ ಹೆಂಡತಿ ಹೆಸ್ಟರ್ ಆ ಮುದುಕಿಯರ ಹಾಸಿಗೆಬಟ್ಟೆ ಹೊಲಿದುಕೊಡುತ್ತಿದ್ದಳು. ಸಭಾಂಗಣ ಮಾತ್ರ ಜನರದ್ದಾಗಿತ್ತು. ರಜೆಯ ದಿನ ಲಂಡನ್ನಿನ ಟ್ರಾಮು ತುಂಬಾ, ಥೇಮ್ಸಿನ ದೋಣಿ ತುಂಬಾ ಬಂದು ಕತ್ತೆತ್ತಿ ನೋಡುತ್ತಿದ್ದರು.

ಮಹಾಯುದ್ಧ ಮುಗಿದು ಐದಾರು ವರ್ಷಕ್ಕೆ ಆ ಸೂರಿನ ರಿಪೇರಿ ಶುರುವಾಯಿತು. ಅದರ ಉಸ್ತುವಾರಿಗೆ ಬಂದವರು ಕ್ಯಾಪ್ಟನ್ ಲಾವಿಂಗ್ಟನ್. ಯುದ್ಧದಲ್ಲಿ ಸೇತುವೆ ಕಟ್ಟಿದ್ದ ಇಂಜಿನಿಯರು, ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಗೋಡೆಯಿಂದ ಸಭಾಂಗಣದೊಳಕ್ಕೆ ಮೊಣಕೈಯಂತೆ ಚಾಚಿಕೊಂಡು ಇಡೀ ಸೂರನ್ನು ಹೊತ್ತ ಚಾಚುತೊಲೆಗಳನ್ನೆಲ್ಲ ಬೈರಿಗೆಯಲ್ಲಿ ಕೊರೆದು ನೋಡಬೇಕೆಂದು ಅವರು ಮೊದಲ ವಾರವೇ ಹೇಳಿದ್ದರು. ಎನಾಕ್ ಟೋಪಿ ಕೈಯಲ್ಲಿ ಹಿಡಿದು ಅಡ್ಡ ನಿಂತ.

"ಸಾರ್, ನಮ್ಮಪ್ಪ ಮೂವತ್ತು ವರ್ಷ, ನಾನು ಮೂವತ್ತು ವರ್ಷ. ಇಷ್ಟರಲ್ಲಿ ಒಂದೇ ಒಂದು ತೂತು ಕೊರೆದಿಲ್ಲ. ಬೈರಿಗೆ ಬೇಡ. ನನ್ನ ಕಿವಿ ಸಾಕು."

ಕ್ಯಾಪ್ಟನ್ ಪರೀಕ್ಷೆ ಮಾಡಿದರು. ಎನಾಕ್ ಕೆಟ್ಟಿದೆ ಎಂದ ಎರಡು ತುಂಡು ಸೀಳಿಸಿದರು, ಎರಡೂ ಕೆಟ್ಟಿದ್ದವು. ಸರಿಯಿದೆ ಎಂದ ಒಂದನ್ನು ಸೀಳಿಸಿದರು, ಒಳಗಿನ ಚೇಗು ಕಬ್ಬಿಣದ ಹಾಗಿತ್ತು. ಅಂದೇ, ಸೂರಿನವರೆಗೆ ಕಟ್ಟಿದ್ದ ಸಾರವೆಯ ಬುಡದಲ್ಲಿ ಹಲಗೆಯೊಂದು ಬಂತು: ಕೆತ್ತನೆಯಿರುವ ಮರಕ್ಕೆ ಯಾರೂ ಬೈರಿಗೆ ತಾಕಿಸಕೂಡದು. ಅಲ್ಲಿಂದ ಮುಂದೆ ಎನಾಕ್ ಒಂದೊಂದೇ ಅಂಕಣ ದಾಟುತ್ತ ಕುಟ್ಟಿದ, ಕೇಳಿದ, ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಕೆಟ್ಟದ್ದಕ್ಕೆ ಕತ್ತರಿ, ಒಳ್ಳೆಯದಕ್ಕೆ ಸೊನ್ನೆ. ಕತ್ತರಿ ಬಿದ್ದ ಕಡೆ ಉಕ್ಕಿನ ಪಟ್ಟಿ ಬಂತು. ಸೊನ್ನೆ ಬಿದ್ದದ್ದಕ್ಕೆ ಕ್ಯಾಪ್ಟನ್ ಸಹಿ ಬಿತ್ತು. ಕೊನೆಯದು, ಹಿಂದೆ ದೊರೆ ಊಟಕ್ಕೆ ಕೂರುತ್ತಿದ್ದ ವೇದಿಕೆಯ ಮೇಲಿನ ಏಳನೇ ಅಂಕಣ. ಎರಡನೇ ವಸಂತದ ಏಪ್ರಿಲ್‌ನಲ್ಲಿ ಅದನ್ನು ಮೂರು ದಿನ ಕುಟ್ಟಿದ. ಒಂದು ಉತ್ತರವೂ ಬರಲಿಲ್ಲ. ಎಲ್ಲಕ್ಕೂ ಸೊನ್ನೆ ಹಾಕಿ ಇಳಿದ.

ಜೂನ್ ಮೊದಲ ಸೋಮವಾರ ಕ್ರೈಸ್ತರ ವಿಟ್‌ಸನ್ ಹಬ್ಬದ ರಜೆ. ಅಂದು ಸಭಾಂಗಣ ಮತ್ತೆ ತೆರೆಯುತ್ತದೆಂದು ಟ್ರಾಮುಗಳಲ್ಲೆಲ್ಲ ಕಾಗದ ಅಂಟಿಸಿದ್ದರು. ಶನಿವಾರ ಮಧ್ಯಾಹ್ನದೊಳಗೆ ಸಾರವೆ ಇಳಿಯಬೇಕಿತ್ತು. ಆರು ಅಂಕಣದ್ದು ಆಗಲೇ ಇಳಿದಿತ್ತು.

ಆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಏಳನೇ ಅಂಕಣದ ಹಲಗೆಗಳ ಮೇಲೆ ಕೊನೆಯ ಟೀ. ಬ್ರೆಡ್ಡು, ಚೀಸು, ವಿನೆಗರಿನಲ್ಲಿ ಹಾಕಿಟ್ಟ ಈರುಳ್ಳಿ. ಸಾರವೆಯವರ ಮುಖಂಡ ಡಿಕ್ ಟಫ್ನೆಲ್, ಲಂಡನ್ನಿನ ಲ್ಯಾಂಬೆತ್ ಕಡೆಯವನು, ಬಾಯಿ ತುಂಬಿದ್ದರೂ ಮಾತು ನಿಲ್ಲಿಸದವನು.

"ಎನಾಕಣ್ಣಾ, ಬಾಗಿಲು ತೆಗಿಯಪ್ಪಾ, ಯಾರೋ ಬಂದವ್ರೆ."

"ಯಾರು?"

"ನಿನ್ ನೆಂಟ. ಆಗ್ಲಿಂದ ಒಂದೇ ಸಮ ಬಡೀತಾವ್ನೆ. ನಮ್ಮತ್ತೆ ಬಂದ್ರೂ ಇಷ್ಟ್ ಬಡಿಯಾಕಿಲ್ಲ."

ಅವನ ಇಬ್ಬರು ಆಳುಗಳು ಕಿಸಕ್ಕೆಂದರು. ಎನಾಕನೂ ನಕ್ಕ. ಅವನಿಗೆ ಏನೂ ಕೇಳಿಸಿರಲಿಲ್ಲ.

"ಎಲ್ಲಿಂದ ಬರ್ತಿದೆ, ಹೇಳು ನೋಡೋಣ," ಎಂದ, ಶಿಷ್ಯನನ್ನು ಪರೀಕ್ಷಿಸುವ ಮೇಷ್ಟರ ಹಾಗೆ.

ಟಫ್ನೆಲ್ ಬ್ರೆಡ್ಡು ಕೆಳಗಿಟ್ಟು ಬಲಗಡೆಯ ಚಾಚುತೊಲೆಗೆ ಕೆನ್ನೆ ಆನಿಸಿದ. "ಇಲ್ಲೇ, ನಿನ್ ಸೊನ್ನೆ ಹಿಂದ್ಗಡೆ. ತಡಿ... ನಿಲ್ಲಿಸ್ದ. ಹಾಂ, ಮತ್ತೆ! ಏಳು. ಅಗೋ, ಆ ಮೂಲೇಲಿ ಇನ್ನೊಬ್ಬ." ಮುಖ ತೆಗೆದು ಬ್ರೆಡ್ಡು ಎತ್ತಿಕೊಂಡ. "ನಿಂಗ್ ಗೊತ್ತಿಲ್ದೆ ಇರೋದಾ. ಸೊನ್ನೆ ಹಾಕಿದ್ದೀಯಾ ಅಂದ್ಮೇಲೆ ಒಂದೆರಡು ಹುಳ ಲೆಕ್ಕಕ್ಕಿಲ್ಲ, ಅಲ್ವಾ?"

"ಹೂಂ," ಎಂದ ಎನಾಕ್. "ಲೆಕ್ಕಕ್ಕಿಲ್ಲ."

ಆ ಸುಳ್ಳು ಬಾಯಿಂದ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ. ಟಫ್ನೆಲ್ ಕೈ ಒರೆಸಿಕೊಂಡು ಎದ್ದ. ಆಳುಗಳು ಎಡಗೋಡೆಯ ಕಡೆ ಹೋಗಿ ಬಿದಿರಿನಷ್ಟು ಉದ್ದದ ಸಾರವೆ ಕಂಬಗಳ ಹಗ್ಗ ಬಿಚ್ಚತೊಡಗಿದರು.

ಎನಾಕ್ ಬಲದ ತೊಲೆಯ ಮುಂದೆ ಮಂಡಿಯೂರಿದ. ಪೆನ್ಸಿಲಿನಿಂದ ಆರು ಸಲ ಕುಟ್ಟಿದ. ಕಿವಿ ಒತ್ತಿದ. ಹತ್ತಿ ತುಂಬಿದ ಹಾಗೆ ಮೌನ. ಮತ್ತೆ ಕುಟ್ಟಿದ. ಅದೇ ಮೌನ. ಇದೇ ಮೌನವನ್ನಲ್ಲವೇ ಅವನು ಏಪ್ರಿಲ್‌ನಲ್ಲಿ ಮೂರು ದಿನ ಕೇಳಿ, ಮರ ಬದುಕಿದೆ ಎಂದು ಸೊನ್ನೆ ಹಾಕಿದ್ದು? ಮಾತಾಡುವವರ ತುಟಿಯನ್ನೇ ನೋಡುವುದು ಯಾವಾಗಿನಿಂದ ಅಭ್ಯಾಸವಾಯಿತು? ಪಕ್ಕದೂರು ಮೊಲ್ಸಿಯ ಇಗರ್ಜಿಯಲ್ಲಿ ಈಗೀಗ ಗಂಟೆ ಸರಿಯಾಗಿ ಬಡಿಯುವುದಿಲ್ಲ ಎಂದು ಗಂಟೆಯವನ ಜೊತೆ ಜಗಳ ಕಾದದ್ದು ಹೋದ ವರ್ಷವೋ, ಅದರ ಹಿಂದಿನ ವರ್ಷವೋ?

ಆದರೆ ಈಗಷ್ಟೇ ಬ್ರೆಡ್ಡಿನ ಒಣ ಅಂಚು ಕಡಿದ ಸದ್ದು ತಲೆಯೊಳಗೆ ಚೆನ್ನಾಗಿಯೇ ಕೇಳಿಸಿತ್ತು. ಅದು ಹೊಳೆದೊಡನೆ ಪೆನ್ಸಿಲಿನ ಒಂದು ತುದಿ ಹಲ್ಲಲ್ಲಿ ಕಚ್ಚಿದ, ಇನ್ನೊಂದು ತುದಿಯನ್ನು ತೊಲೆಗೆ ಒತ್ತಿದ, ಉಳಿಯ ಹಿಡಿಯಿಂದ ಮೆಲ್ಲಗೆ ಆರು ಸಲ ಕುಟ್ಟಿ ಉಸಿರು ಹಿಡಿದ.

ಹಲ್ಲಿನ ಬುಡದಲ್ಲಿ ಮರಳ ಕಾಳು ಸಿಡಿದ ಹಾಗೆ. ಒಂದು, ಎರಡು, ಮೂರು... ಏಳು. ಅದು ನಿಲ್ಲುವ ಮೊದಲೇ ಇನ್ನೊಂದು, ಇನ್ನೂ ಆಳದಿಂದ. ಅದರ ಬೆನ್ನಿಗೆ ಮತ್ತೊಂದು. ಪೆನ್ಸಿಲನ್ನು ಗೋಡೆಯ ಹತ್ತಿರಕ್ಕೆ ಸರಿಸಿದ. ಅಲ್ಲಿ ಲೆಕ್ಕ ಹಿಡಿಯುವುದಕ್ಕೇ ಆಗಲಿಲ್ಲ. ತೊಲೆಯೊಳಗೆ ಸಂತೆ ನೆರೆದಿತ್ತು.

ಎನಾಕ್ ಹಿಮ್ಮಡಿಯ ಮೇಲೆ ಕೂತುಬಿಟ್ಟ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇನ್ನೆರಡು ಗಂಟೆಯಲ್ಲಿ ಸಾರವೆ ಇಳಿಯುತ್ತದೆ, ಇಲ್ಲಿಗೆ ಮತ್ತೆ ಯಾರಾದರೂ ಹತ್ತುವುದು ಇನ್ನು ನೂರು ವರ್ಷಕ್ಕೆ. ನಾನ್ನೂರು ವರ್ಷ ನಿಂತ ತೊಲೆ ಸೋಮವಾರವೇ ಬೀಳಬೇಕೆಂದೇನಿದೆ? ಹೇಳಿದರೋ, ಕೆಲಸ ಹೋಯಿತು. ಕೆಲಸದ ಜೊತೆಗೆ ಬಂದ ಮನೆ ಹೋಯಿತು. ಸೈಲಸ್ ಪೆಗ್ರಮ್‌ನ ಮಗನ ಕಿವಿ ಎಂಬ ಮಾತು ಹೋಯಿತು. ಅವನು ಹಲಗೆಗಳ ಸಂದಿಯಿಂದ ಕೆಳಗೆ ನೋಡಿದ. ವೇದಿಕೆ, ಅದರ ಮೇಲೆ ಬಣ್ಣದ ಗಾಜಿನ ಬಿಸಿಲು. ಬಂದವರೆಲ್ಲ ನಿಂತು ಕತ್ತೆತ್ತುವುದು ಅಲ್ಲೇ, ಸರಿಯಾಗಿ ಈ ತೊಲೆಯ ಕೆಳಗೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುವುದೂ ಅಲ್ಲೇ.

"ನಿಲ್ಸ್ರೋ!" ಎಂದು ಕೂಗಿದ. ತನ್ನ ಕೂಗು ಎಷ್ಟು ಜೋರಾಗಿತ್ತೆಂದು ಅವನಿಗೆ ಗೊತ್ತಾಗಲಿಲ್ಲ. ಕೆಳಗೆ ನೆಲ ಗುಡಿಸುತ್ತಿದ್ದವರು ಸಹ ತಲೆ ಎತ್ತಿದರು.

ಕ್ಯಾಪ್ಟನ್ ಲಾವಿಂಗ್ಟನ್ ಸಾರವೆಯ ಬುಡದಲ್ಲೇ ಗಡಿಯಾರ ನೋಡುತ್ತ ನಿಂತಿದ್ದರು. ಎನಾಕ್ ಏಣಿ ಇಳಿದು ಎದುರು ನಿಂತ.

"ಸಾರ್, ಏಳನೇ ಅಂಕಣದ ಬಲಗಡೆ ತೊಲೆ ಕೆಟ್ಟಿದೆ. ಸೋಮವಾರ ಜನ ಬಿಡಬಾರದು."

"ಅದಕ್ಕೆ ಸೊನ್ನೆ ಹಾಕಿದ್ದು ಯಾರು?"

"ನಾನೇ."

"ಏಪ್ರಿಲ್‌ನಲ್ಲಿ ಸರಿಯಿದ್ದ ಮರ ಜೂನ್ ಬರೋಷ್ಟರಲ್ಲಿ ಕೆಡುತ್ತಾ, ಪೆಗ್ರಮ್?"

"ಇಲ್ಲ ಸಾರ್. ಆಗಲೂ ಕೆಟ್ಟಿತ್ತು. ನನಗೆ ಕೇಳಿಸಲಿಲ್ಲ."

ಕ್ಯಾಪ್ಟನ್ ಬೇಕೆಂದೇ ಬೆನ್ನು ತಿರುಗಿಸಿ ಏನೋ ಹೇಳಿದರು. ಎನಾಕ್ ಕಾದ. ಅವರು ಮತ್ತೆ ಈ ಕಡೆ ತಿರುಗಿದಾಗ ಮುಖ ಬಿಳುಚಿಕೊಂಡಿತ್ತು.

"ನಿನ್ನ ಹೆಂಡತಿ ಹೆಸರೇನು ಅಂತ ಕೇಳಿದೆ."

ಎನಾಕ್ ಅವರ ತುಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಹಾಗಾದ್ರೆ ಈಗ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು ನಿನಗೆ?"

"ಹಲ್ಲಲ್ಲಿ ಸಾರ್. ಪೆನ್ಸಿಲ್ ಕಚ್ಚಿಕೊಂಡು..."

"ಹಲ್ಲಲ್ಲಿ!" ಕ್ಯಾಪ್ಟನ್ ನಗಲಿಲ್ಲ. "ಕಿವುಡ ಆಗಿದ್ದಾಗ ಹೇಳಿದ್ದನ್ನ ನಂಬಿ ನಾನು ಸಹಿ ಹಾಕಿದೀನಿ. ಈಗ ಅದೇ ಕಿವುಡ ಹಲ್ಲಲ್ಲಿ ಕೇಳಿದೆ ಅಂತಾನೆ, ಅದನ್ನ ನಂಬಿ ಅರ್ಧ ಲಂಡನ್ನನ್ನ ಬಾಗಿಲಿಂದ ವಾಪಸ್ ಕಳಿಸಬೇಕಾ? ಯಾವ ಪೆಗ್ರಮ್‌ನ ನಂಬಲಿ ನಾನು?"

"ನನ್ನ ನಂಬಬೇಡಿ ಸಾರ್. ಕೊರೆದು ನೋಡೋಣ."

"ಕೆತ್ತನೆ ಮರಕ್ಕೆ ಬೈರಿಗೆ ಬೇಡ ಅಂತ ಈ ಹಲಗೆ ಹಾಕಿಸಿದ್ದೇ ನೀನು! ಅದನ್ನ ನಿಯಮ ಅಂತ ಮೇಲಕ್ಕೆ ಬರೆದು ಒಪ್ಪಿಗೆ ತಗೊಂಡಿದೀನಿ. ಈಗ ನನ್ನ ಕೈಯಲ್ಲೂ ಇಲ್ಲ. ಟೆಲಿಫೋನ್ ಮಾಡಿ ಕೇಳ್ತೀನಿ. ಅಲ್ಲಿವರೆಗೆ ಆ ಮರ ಮುಟ್ಟಿದ್ರೆ ನಿನಗೆ ಈ ಅರಮನೆಯಲ್ಲಿ ಜಾಗ ಇಲ್ಲ. ತಿಳೀತಾ? ಟಫ್ನೆಲ್, ಕೆಲಸ ನಡೀಲಿ."

ಅವರು ಅಂಗಳ ದಾಟಿ ಹೋದರು. ಶನಿವಾರ ಹನ್ನೊಂದು ಗಂಟೆಗೆ ಮೇಲಿನ ಕಛೇರಿಯಲ್ಲಿ ಟೆಲಿಫೋನ್ ಎತ್ತುವವರು ಯಾರಿರುತ್ತಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಡಿಕ್," ಎಂದ ಎನಾಕ್. "ಬಲಗಡೆ ಮೂಲೆ ಒಂದನ್ನ ಬಿಚ್ಚಬೇಡ. ಅರ್ಧ ಗಂಟೆ."

ಟಫ್ನೆಲ್‌ನ ಬಾಯಲ್ಲಿ ಮೊದಲ ಸಲ ತಮಾಷೆ ಬರಲಿಲ್ಲ. "ಎಡಗಡೆಯಿಂದ ನಿಧಾನಕ್ಕೆ ಬಿಚ್ಕೊಂಡು ಬತ್ತೀನಿ. ಅರ್ಧ ಗಂಟೆ ಕಳೀತು ಅಂದ್ರೆ ನಿನ್ ಕಾಲ್ ಕೆಳಗಿನ ಹಲಗೇನೇ ಇರಾಕಿಲ್ಲ, ನೋಡ್ಕೋ."

ಐವತ್ತೆಂಟರ ಎನಾಕ್ ಓಡಿದ. ಗೇಟು ದಾಟಿ, ಹುಲ್ಲುಬಯಲು ದಾಟಿ ಮನೆ ಸೇರುವಷ್ಟರಲ್ಲಿ ಎದೆ ತಿದಿಯಾಗಿತ್ತು. ಹೆಸ್ಟರ್ ಕಿಟಕಿಯ ಬಳಿ ಅರಮನೆಯ ವಿಧವೆಯೊಬ್ಬಳ ದಿಂಬಿನ ಚೀಲ ಹೊಲಿಯುತ್ತಿದ್ದಳು. ಅವನು ಸ್ಟೂಲು ಎಳೆದು ಗೋಡೆಯ ಬೈರಿಗೆ ಕಿತ್ತುಕೊಂಡ.

"ಯಾರನ್ನ ಕೊಲ್ಲೋಕೆ ಹೊರಟೆ?" ಎಂದಳು.

"ಹೆಸ್ಟರ್, ನನಗೆ ಕಿವಿ ಕೇಳಿಸ್ತಿಲ್ಲ."

ಅವಳು ಸೂಜಿ ನಿಲ್ಲಿಸಿದಳು. "ಅಯ್ಯೋ ನನ್ನ ಮುದುಕಾ! ಎರಡು ವರ್ಷದಿಂದ ಗಂಟಲು ಹರ್ಕೊತಿದೀನಿ, ಪಕ್ಕದ ಮನೆ ನಾಯಿ ಕೂಡ ನನ್ನ ಮಾತಿಗೆ ಎದ್ದು ಬರುತ್ತೆ, ನೀನು ಬರಲ್ಲ. ಈಗ ಗೊತ್ತಾಯ್ತಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ! ದಿನಾ ಹೇಳಿದೆ! ಕೇಳಿಸಿಕೊಂಡ್ಯಾ?" ಅವಳ ದನಿ ಒಡೆಯಿತು. ಅದು ಅವನಿಗೆ ಕೇಳಿಸಲಿಲ್ಲ, ಗದ್ದ ನಡುಗಿದ್ದು ಕಂಡಿತು. "ಬೇಕಂತಲೇ ಹೂಂ ಅನ್ನಲ್ಲ ಅಂದ್ಕೊಂಡೆ, ಎನಾಕ್. ನನ್ನ ಮಾತು ಸಾಕಾಗಿದೆ ಇವನಿಗೆ ಅಂದ್ಕೊಂಡೆ."

ಅವನು ಸ್ಟೂಲಿನಿಂದ ಇಳಿದ. "ಕೆಲಸ ಹೋಗುತ್ತೆ. ಈ ಮನೆಯೂ ಹೋಗುತ್ತೆ. ನಾನು ತಪ್ಪು ಗುರುತು ಹಾಕಿದೀನಿ."

ಹೆಸ್ಟರ್ ಅವನ ಕೈಯಲ್ಲಿದ್ದ ಬೈರಿಗೆ ನೋಡಿದಳು. ಎದ್ದು ಬಂದು, ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಹಾಗಾದ್ರೆ ಇಲ್ಲೇನು ನಿಂತಿದೀಯಾ?"

ಅವನು ಹಿಂತಿರುಗಿದಾಗ ಟಫ್ನೆಲ್‌ನ ಆಳುಗಳು ಸಾರವೆಯ ಎಡಭಾಗವನ್ನೆಲ್ಲ ಬಿಚ್ಚಿದ್ದರು. ಬಲಮೂಲೆಯಲ್ಲಿ ನಾಲ್ಕು ಕಂಬ, ಒಂದು ಏಣಿ, ಮೂರು ಹಲಗೆ ಮಾತ್ರ ಬಾವಿಯೊಳಗಿನ ಕಂಬದ ಹಾಗೆ ಒಂಟಿಯಾಗಿ ನಿಂತಿದ್ದವು. ಕಾಲಿಟ್ಟರೆ ತೂಗುತ್ತಿತ್ತು. ಎನಾಕ್ ಬೈರಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದ. ಟಫ್ನೆಲ್ ಏನೋ ಬೈದುಕೊಂಡು ಹಿಂದೆಯೇ ಹತ್ತಿ ಕಂಬ ತಬ್ಬಿಕೊಂಡು ನಿಂತ.

ಎನಾಕ್ ಸೊನ್ನೆಯ ಒಳಗೆ ಬೈರಿಗೆಯ ಮೂತಿ ಇಟ್ಟ. ಆ ಮರಕ್ಕೆ ಉಳಿಯೇಟು ಬಿದ್ದು ನಾನ್ನೂರು ವರ್ಷವಾಗಿತ್ತು. ಹಿಡಿ ತಿರುಗಿಸಿದ. ಹಳೆಯ ಓಕ್ ಸುಲಭಕ್ಕೆ ಬಿಡುವ ಮರವಲ್ಲ. ಮೊದಲ ಅಂಗುಲಕ್ಕೆ ಸುರುಳಿ ಸುರುಳಿಯಾಗಿ ಗಟ್ಟಿ ಹೊಟ್ಟು ಬಂತು, ಜೇನಿನ ಬಣ್ಣದ್ದು, ಒಗರು ವಾಸನೆಯದ್ದು. ಬದುಕಿರುವ ಮರದ ವಾಸನೆ. ಎರಡನೇ ಅಂಗುಲ. ಅದೇ ಹೊಟ್ಟು. ಬೆವರು ಕಣ್ಣಿಗಿಳಿಯಿತು. ಮೂರನೇ ಅಂಗುಲಕ್ಕೂ ಅದೇ ಸುರುಳಿ ಬಂದಾಗ, ಹಲ್ಲು ಸುಳ್ಳು ಹೇಳಿತೋ ಎಂಬ ಅನುಮಾನ ಮೊದಲ ಸಲ ಹುಟ್ಟಿತು. ಹಾಗಾದರೆ ಅವನು ಕೆಲಸವನ್ನೂ ಕಳೆದುಕೊಂಡ, ದೊರೆಯ ಕಾಲದ ತೊಲೆಗೆ ತೂತನ್ನೂ ಕೊರೆದ.

ಆಗ ಬೆನ್ನ ಹಿಂದೆ ಏನು ನಡೆಯಿತೆಂದು ಅವನಿಗೆ ಟಫ್ನೆಲ್ ಹೇಳಿದ್ದು ಆಮೇಲೆ. ಕ್ಯಾಪ್ಟನ್ ಸಭಾಂಗಣಕ್ಕೆ ಬಂದು, ಮೇಲೆ ನೋಡಿ, "ಪೆಗ್ರಮ್, ನಿಲ್ಲಿಸು!" ಎಂದು ಕೂಗಿದರು. ಎನಾಕ್ ತಿರುಗಿಸುತ್ತಲೇ ಇದ್ದ. ಅವರು ಏಣಿ ಹತ್ತುತ್ತ ಎರಡನೇ ಸಲ ಕೂಗಿದರು. ಕೆಳಗೆ ಉದುರಿದ್ದ ಜೇನಿನ ಬಣ್ಣದ ಸುರುಳಿಗಳನ್ನು ಅವರೂ ಕಂಡಿದ್ದರು. ಮೂರನೇ ಸಲ ಕೂಗಿದ್ದು ಅವನ ಬೆನ್ನಿನಿಂದ ಒಂದು ಮಾರು ದೂರದಲ್ಲಿ.

"ಅವ್ನಿಗೆ ಕೇಳ್ಸಾಕಿಲ್ಲ ಸಾರ್," ಎಂದ ಟಫ್ನೆಲ್.

ಕ್ಯಾಪ್ಟನ್ ಎನಾಕನ ಹೆಗಲಿಗೆ ಕೈ ಹಾಕಿದರು. ಅದೇ ಗಳಿಗೆಗೆ ಬೈರಿಗೆ ಅವನ ಕೈಯಿಂದ ಜಾರಿದ ಹಾಗೆ ಮುಂದಕ್ಕೆ ಮುಗ್ಗರಿಸಿ ಹಿಡಿಯವರೆಗೂ ತೊಲೆಯೊಳಗೆ ಹೊಕ್ಕಿತು. ಎನಾಕನ ಹಣೆ ಮರಕ್ಕೆ ಬಡಿಯಿತು. ಅವನು ಬೈರಿಗೆ ಹಿಂದಕ್ಕೆಳೆದ. ತೂತಿನಿಂದ ನಶ್ಯದಂಥ ಕಂದು ಪುಡಿ ಸುರಿಯತೊಡಗಿತು. ಸುರಿಯಿತು, ಸುರಿಯಿತು, ನಿಲ್ಲಲೇ ಇಲ್ಲ. ಹಲಗೆ ತುಂಬಿ, ಸಂದಿಯಿಂದ ಇಳಿದು, ಕಿಟಕಿಯ ಬಣ್ಣದ ಬಿಸಿಲಲ್ಲಿ ತೇಲುತ್ತ ವೇದಿಕೆಯ ಮೇಲೆ ಬಿತ್ತು.

ಕ್ಯಾಪ್ಟನ್ ಜೇಬಿನಿಂದ ಅಳತೆಕೋಲು ತೆಗೆದು ತೂತಿಗೆ ತೂರಿದರು. ಹನ್ನೊಂದು ಅಂಗುಲ ಹೋಯಿತು, ಏನಕ್ಕೂ ತಾಕಲಿಲ್ಲ. ಗೋಡೆಯ ಕಡೆಗೆ ಓರೆಯಾಗಿ ತೂರಿದರು. ಅಲ್ಲೂ ತಾಕಲಿಲ್ಲ. ಸೂರಿನ ಅಷ್ಟು ಭಾರವನ್ನು ಹೊತ್ತು ನಿಂತದ್ದು ನಾಲ್ಕು ಅಂಗುಲ ದಪ್ಪದ ಸಿಪ್ಪೆ. ಅವರು ಹಲಗೆಯ ಮೇಲೆ ಕೂತರು. ಕೆಳಗಿನ ವೇದಿಕೆಯನ್ನು ನೋಡಿದರು. ಆಮೇಲೆ ಎನಾಕನಿಗೆ ತುಟಿ ಕಾಣುವಂತೆ ತಿರುಗಿ ಕೇಳಿದರು.

"ಒಟ್ಟು ಎಷ್ಟು ಸೊನ್ನೆ ಹಾಕಿದೀಯಾ?"

"ನಲವತ್ತೆರಡು ಸಾರ್. ಇದನ್ನೂ ಸೇರಿಸಿ."

"ಉಳಿದದ್ದರಲ್ಲಿ ಎಷ್ಟು ನಿಜ?"

ಈ ಪ್ರಶ್ನೆ ಬರುತ್ತದೆಂದು ಎನಾಕನಿಗೆ ಗೊತ್ತಿತ್ತು. ಓಡುವಾಗೆಲ್ಲ ಅದರ ಉತ್ತರವನ್ನೇ ಹುಡುಕಿದ್ದ. ಮೊದಲ ಮೂರು ಅಂಕಣ ಸರಿಯಿದ್ದಾವು ಎಂದುಬಿಡಬಹುದಿತ್ತು. ಹಾಗೆಂದರೆ ಅಪ್ಪನ ಹೆಸರು ಅರ್ಧವಾದರೂ ಉಳಿಯುತ್ತಿತ್ತು.

"ಗೊತ್ತಿಲ್ಲ ಸಾರ್. ಯಾವ ದಿನದಿಂದ ಕೇಳಿಸ್ತಿಲ್ಲ ಅನ್ನೋದೇ ಗೊತ್ತಿಲ್ಲ. ಎಲ್ಲಾನೂ ಕೊರೀಬೇಕು."

"ನಾನು ನಿನ್ನ ಕಿವಿ ನಂಬಿದ್ದೆ, ಪೆಗ್ರಮ್." ಕ್ಯಾಪ್ಟನ್ ದನಿ ಏರಿಸಲಿಲ್ಲ. ಏರಿಸಿದ್ದರೂ ಎನಾಕನಿಗೆ ತಿಳಿಯುತ್ತಿರಲಿಲ್ಲ. "ನಿನ್ನ ಕ್ಷಮಿಸೋದು ನನ್ನಿಂದ ಆಗಲ್ಲ. ಇವತ್ತಂತೂ ಆಗಲ್ಲ. ನಲವತ್ತೊಂದು ತೂತು ಕೊರೆದು ಮುಗಿಸು. ಹಾಗೇ ಕೊರೆಯೋದನ್ನ ಇನ್ನೊಬ್ಬನಿಗೆ ಕಲಿಸು. ಅಲ್ಲಿವರೆಗೆ ಮನೆ ನಿನ್ನದು. ಆಮೇಲಿಂದು ಆಮೇಲೆ." ಏಣಿಗೆ ಕಾಲಿಟ್ಟವರು ಮತ್ತೆ ನಿಂತರು. "ಸೋಮವಾರ ಬಾಗಿಲಲ್ಲಿ ನೀನೇ ನಿಲ್ಲು. ಜನಕ್ಕೆ ನೀನೇ ಹೇಳು."

"ಕ್ಯಾಪ್ಟನ್ ಸಾಹೇಬ್ರೆ," ಎಂದ ಟಫ್ನೆಲ್, ಇನ್ನೂ ಕಂಬ ತಬ್ಬಿಕೊಂಡೇ. "ಈಗ ಬಿಚ್ಚಿದ್ದನ್ನೆಲ್ಲ ತಿರ್ಗಾ ಕಟ್ಬೇಕಾ?"

"ಈಗಲೇ. ತೊಲೆಗೆ ಊರುಗೋಲು ಕೊಟ್ಟೇ ಮನೆಗೆ ಹೋಗಬೇಕು ನೀವು."

"ಅಂದ್ಕೊಂಡೆ," ಎಂದು ಟಫ್ನೆಲ್ ನಿಟ್ಟುಸಿರಿಟ್ಟ.

ಸೋಮವಾರ ಬಿಸಿಲು ಚೆನ್ನಾಗಿತ್ತು. ಹತ್ತು ಗಂಟೆಗೆಲ್ಲ ಟ್ರಾಮುಗಳು ಜನರನ್ನು ಸುರಿದವು. ಎನಾಕ್ ಭಾನುವಾರದ ಕೋಟು ತೊಟ್ಟು ಸಭಾಂಗಣದ ಮೆಟ್ಟಿಲ ಮೇಲೆ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಬಂದವರು ಬಂದಹಾಗೆ ಬೈದು ಹೋದರು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರ್ಸಿಯಿಂದ ಬಂದ ದಪ್ಪನೆಯ ಹೆಂಗಸೊಬ್ಬಳು, ಟೋಪಿಯ ತುಂಬ ಬಟ್ಟೆಯ ಚೆರ್ರಿಹಣ್ಣು ಸಿಕ್ಕಿಸಿಕೊಂಡವಳು, ಮೂರು ಮಕ್ಕಳನ್ನು ಎಳೆದುಕೊಂಡು ಮೆಟ್ಟಿಲು ಹತ್ತಿ ಬಂದಳು. ಅವಳು ಮಾತಾಡಿದ್ದು ಎನಾಕನಿಗೆ ಕೇಳಿಸಲಿಲ್ಲ, ಆದರೆ ಅವಳ ತುಟಿಯನ್ನು ಓದುವುದಕ್ಕೆ ಕಷ್ಟವೇ ಇರಲಿಲ್ಲ.

"ತೆರೀತೀವಿ ಅಂತ ಊರೆಲ್ಲ ಕಾಗದ ಅಂಟ್ಸಿದೀರಿ! ಈ ಮೂರನ್ನೂ ಹೊತ್ಕೊಂಡು ಎರಡು ಟ್ರಾಮ್ ಬದಲಾಯಿಸಿ ಬಂದಿದೀನಿ. ಏನಾಗಿದೆ ಒಳಗೆ?"

"ಸೂರು ಚೆನ್ನಾಗಿಲ್ಲಮ್ಮಾ."

"ಯಾವನು ಹೇಳಿದ್ದು?"

"ನಾನು."

ಅವಳು ಅವನನ್ನು ಬೂಟಿನಿಂದ ಬೋಳುತಲೆಯವರೆಗೆ ಅಳೆದಳು. "ನಾನ್ನೂರು ವರ್ಷದಿಂದ ನಿಂತಿರೋದು, ನನ್ನ ಮಕ್ಕಳು ಬಂದ ದಿನವೇ ಬೀಳುತ್ತಾ?"

ಮೂವತ್ತು ವರ್ಷ ಆ ಸೂರಿನ ಬಗ್ಗೆ ಯಾರು ಏನು ಕೇಳಿದರೂ ಎನಾಕನ ಬಳಿ ಉತ್ತರವಿರುತ್ತಿತ್ತು.

"ಗೊತ್ತಿಲ್ಲಮ್ಮಾ," ಎಂದ. "ಗೊತ್ತಿಲ್ಲ ಅಂತಲೇ ಬಾಗಿಲು ಹಾಕಿರೋದು."

ಅವಳು ಪಕ್ಕಕ್ಕೆ ತಿರುಗಿ ದೊಡ್ಡ ಮಗಳಿಗೆ ಏನೋ ಹೇಳಿದಳು. ಏನೆಂದು ಅವನಿಗೆ ಕಾಣಲಿಲ್ಲ. ಆಮೇಲೆ ಮೆಟ್ಟಿಲ ಮೇಲೆಯೇ, ಅವನ ಕಾಲ ಬಳಿ, ಮಕ್ಕಳನ್ನು ಸಾಲಾಗಿ ಕೂರಿಸಿ ಬುಟ್ಟಿ ಬಿಚ್ಚಿದಳು. ಎನಾಕ್ ಅವರಿಗೆ ಜಾಗ ಬಿಟ್ಟು ಸ್ವಲ್ಪ ಸರಿದು ನಿಂತ, ಬಾಗಿಲಿಂದ ಮಾತ್ರ ಬೆನ್ನು ತೆಗೆಯಲಿಲ್ಲ.